ಹಾಜರಿ ಮತ್ತು ಬೈಠಕ್: ಜತ್ತ–ಮಿರಜ–ಕುಂದಗೋಳ ಸೀಮೆಯಲ್ಲಿ ಸಂಗೀತಗಾರರ ಸಂಚಾರ

ಸಾಂಗಲಿ ಜಿಲ್ಲೆಯ ಪೂರ್ವದ ತುದಿಯಲ್ಲಿರುವ ಜತ್ತ ತಾಲ್ಲೂಕು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಮಾತ್ರ ಸುದ್ದಿಯಾಗುತ್ತದೆ: ಬರ ಬಿದ್ದಾಗ ಮತ್ತು ಗಡಿ ವಿವಾದ ಕೆದಕಿದಾಗ. ಉಮದಿ, ಸಂಖ, ಗುಡ್ಡಾಪುರ, ಉಮರಾಣಿಯಂಥ ಊರುಗಳ ಮನೆಮಾತು ಕನ್ನಡ. ಕಚೇರಿಯ ಭಾಷೆ ಮರಾಠಿ. ಪೂರ್ವ ಭಾಗದ ಹಳ್ಳಿಗಳಿಗೆ ಜಿಲ್ಲಾ ಕೇಂದ್ರವಾದ ಸಾಂಗಲಿಗಿಂತ ವಿಜಯಪುರವೇ ಹತ್ತಿರ. ಈ ಸೀಮೆಯನ್ನು ಕುರಿತ ಬರವಣಿಗೆಯ ಬಹುಪಾಲು ಜನಗಣತಿಯ ಅಂಕಿಗಳನ್ನೂ ಆಯೋಗಗಳ ವರದಿಗಳನ್ನೂ ಆಧರಿಸಿದೆ. ಅಂಥ ಬರವಣಿಗೆಯಲ್ಲಿ ಭಾಷೆಯೆಂಬುದು ಒಂದು ಊರಿಗೆ ಸೇರಿದ, ಅಲ್ಲಿಯೇ ನೆಲೆನಿಂತ ವಸ್ತು. ಆದರೆ ಇದೇ ಸೀಮೆಯನ್ನು ಸಂಗೀತಗಾರರ ಸಂಚಾರದ ಮೂಲಕ ನೋಡಿದರೆ ಕಾಣುವ ಭೂಪಟ ಬೇರೆ. ಮಿರಜದ ದರ್ಗಾ, ಕುಂದಗೋಳದ ನಾಡಗೀರ ವಾಡೆ, ಧಾರವಾಡ–ಹುಬ್ಬಳ್ಳಿಯ ಮನೆಗಳು, ಮೈಸೂರಿನ ಅರಮನೆ ಇವು ಆ ಭೂಪಟದ ಬಿಂದುಗಳು. ಅವನ್ನು ಜೋಡಿಸಿದ ಗೆರೆಗಳು ಇಂದಿನ ರಾಜ್ಯದ ಗಡಿಯನ್ನು ಹಲವು ಕಡೆ ಅಡ್ಡಹಾಯುತ್ತವೆ.

ಈ ಲೇಖನದ ವಾದ ಸರಳವಾದದ್ದು. ಕಿರಾನಾ ಘರಾಣೆಯೆಂದು ಹೆಸರಾದ ಗಾಯನ ಪರಂಪರೆಗೆ ಹೆಸರು ಬಂದದ್ದು ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಿಂದ. ಅದು ಸಂಸ್ಥೆಯ ಸ್ವರೂಪ ಪಡೆದದ್ದು, ಶ್ರೋತೃಗಳನ್ನೂ ಶಿಷ್ಯರನ್ನೂ ಗಳಿಸಿದ್ದು ಬಹುಮಟ್ಟಿಗೆ ಕೃಷ್ಣೆ ಮತ್ತು ಮಲಪ್ರಭೆಗಳ ಆಸುಪಾಸಿನ ಕನ್ನಡ–ಮರಾಠಿ ದ್ವಿಭಾಷಿಕ ಪ್ರದೇಶದಲ್ಲಿ. ಎರಡೂ ರಾಜ್ಯಗಳ ಸಾಂಸ್ಕೃತಿಕ ಇತಿಹಾಸಗಳು ಈ ಪರಂಪರೆಯನ್ನು ತಮ್ಮದೆಂದು ಹೇಳಿಕೊಂಡಿವೆ. ಅದು ರೂಪುಗೊಂಡ ನಡುಸೀಮೆಯನ್ನು ಮಾತ್ರ ಎರಡೂ ಹಿನ್ನೆಲೆಗೆ ಸರಿಸಿವೆ.

ಸಂಸ್ಥಾನಗಳ ಸೀಮೆ

ಜತ್ತದ ಡಫಳೆ ಮನೆತನದವರು ಮೂಲತಃ ಡಫಳಾಪುರದ ಪಾಟೀಲರು. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಆದಿಲಶಾಹಿಯಿಂದ ಅಧಿಕಾರ ಪಡೆದವರು. ಬ್ರಿಟಿಷರ ಕಾಲದಲ್ಲಿಯೂ ಜತ್ತ ಮತ್ತು ಡಫಳಾಪುರ ಬಿಜಾಪುರ ಏಜೆನ್ಸಿಗೆ ಒಳಪಟ್ಟಿದ್ದವು. ಅಂದರೆ ಈ ಸೀಮೆಯ ಆಡಳಿತದ ಮುಖ ಬಹುಕಾಲ ಪೂರ್ವಕ್ಕೆ, ಬಿಜಾಪುರದ ಕಡೆಗೆ ತಿರುಗಿತ್ತು. ಆ ಬಿಜಾಪುರ ಸಂಗೀತದ ರಾಜಧಾನಿಯೂ ಆಗಿತ್ತೆಂಬುದನ್ನು ನೆನೆಯಬೇಕು. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಹ ದಖನಿಯಲ್ಲಿ ಗೀತೆಗಳನ್ನು ರಚಿಸಿ ‘ಕಿತಾಬ್–ಎ–ನವರಸ್’ ಎಂಬ ಸಂಕಲನ ಮಾಡಿದ. ಅದರಲ್ಲಿ ಸರಸ್ವತಿಗೂ ಕಲಬುರಗಿಯ ಬಂದೇನವಾಜ ಗೇಸುದರಾಜರಿಗೂ ಸ್ತುತಿಗಳಿವೆ. 1599ರಲ್ಲಿ ಅವನು ರಾಜಧಾನಿಯ ಪಶ್ಚಿಮಕ್ಕೆ ನವರಸಪುರವೆಂಬ ಹೊಸ ಊರು ಕಟ್ಟಲು ತೊಡಗಿದ. ನವರಸದ ಹೆಸರಿನಲ್ಲಿಯೇ ಉತ್ಸವ ನಡೆಸಿದ. ದರ್ಗಾದ ಭಕ್ತಿ, ಆಸ್ಥಾನದ ಆಶ್ರಯ, ನಿಗದಿತ ಉತ್ಸವ ಎಂಬ ಮೂರು ಅಂಶಗಳು ಈ ಸೀಮೆಯ ಸಂಗೀತಕ್ಕೆ ಹೊಸದಾಗಿ ಇಪ್ಪತ್ತನೆಯ ಶತಮಾನದಲ್ಲಿ ಬಂದವಲ್ಲ.

ಜತ್ತದ ಪಶ್ಚಿಮ ಮತ್ತು ದಕ್ಷಿಣಕ್ಕೆ ಪಟವರ್ಧನ ಮನೆತನದ ಸಂಸ್ಥಾನಗಳಿದ್ದವು: ಸಾಂಗಲಿ, ಮಿರಜ, ಕುರುಂದವಾಡ, ಜಮಖಂಡಿ. ಇವುಗಳ ಪ್ರದೇಶ ಒಂದೇ ಕಡೆ ಕೂಡಿಕೊಂಡಿರಲಿಲ್ಲ; ತುಂಡು ತುಂಡಾಗಿ ದೂರದೂರ ಚದುರಿತ್ತು. ಹುಬ್ಬಳ್ಳಿಯ ಪಕ್ಕದ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಆಡಳಿತದ ದೃಷ್ಟಿಯಿಂದ ಇದು ತೊಡಕಿನ ವ್ಯವಸ್ಥೆ. ಕಲಾವಿದರಿಗೆ ಮಾತ್ರ ಇದು ಅನುಕೂಲಕರ: ಒಂದೆರಡು ದಿನದ ಪ್ರಯಾಣದೊಳಗೆ ಹಲವು ಸಣ್ಣ ಆಸ್ಥಾನಗಳು, ಪ್ರತಿಯೊಂದರಲ್ಲಿಯೂ ತಮ್ಮ ನೆರೆಯವರಿಗಿಂತ ಹಿಂದೆ ಬೀಳಬಾರದೆಂಬ ಅಭಿಮಾನದ ಅಧಿಪತಿಗಳು.

ಸಂಚಾರಿ ಕಲಾವಿದರಿಂದ ಈ ಸೀಮೆಯಲ್ಲಿ ಏನು ಸಂಭವಿಸಬಹುದೆಂಬುದಕ್ಕೆ ಹಳೆಯ ಸಾಕ್ಷಿಯೊಂದಿದೆ. 1840ರ ದಶಕದ ಆರಂಭದಲ್ಲಿ ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗಲಿಗೆ ಬಂದು ಆಟ ಆಡಿತು. ಅದನ್ನು ಕಂಡ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲಿಯೂ ಅಂಥದ್ದು ಆಗಬೇಕೆಂದು ತಮ್ಮ ಆಶ್ರಿತರಾಗಿದ್ದ ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿ ರಂಗಭೂಮಿಯ ಚರಿತ್ರೆ ಆರಂಭವಾಗುವುದು ಅಲ್ಲಿಂದ. ಕನ್ನಡದ ಮೇಳ ತನ್ನ ಊರಿಗೆ ಮರಳಿತು. ಆ ಮೇಳ ಇಲ್ಲಿ ಬಿಟ್ಟುಹೋದದ್ದು ಇನ್ನೊಂದು ಭಾಷೆಯಲ್ಲಿ ಬೆಳೆಯಿತು. ಮುಂದೆ ಸಂಗೀತದ ವಿಷಯದಲ್ಲಿಯೂ ಇದೇ ಬಗೆಯ ಕೊಡುಕೊಳೆ ನಡೆಯಿತು. ಈ ಬಾರಿ ಅದು ಒಂದೇ ದಿಕ್ಕಿನದಾಗಿರಲಿಲ್ಲ.

ಮಿರಜ: ಜಂಕ್ಷನ್, ತಂಬೂರಿ, ದರ್ಗಾ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಿರಜ ಸಂಗೀತದ ಊರಾಗಲು ಕಾರಣಗಳು ಒಂದಕ್ಕಿಂತ ಹೆಚ್ಚು. ಮೊದಲನೆಯದು ಗುರುಗಳು. ಗ್ವಾಲಿಯರ್ ಶೈಲಿಯ ಖಯಾಲನ್ನು ದಕ್ಷಿಣಕ್ಕೆ ತಂದ ಬಾಲಕೃಷ್ಣಬುವಾ ಇಚಲಕರಂಜೀಕರರು ಇಲ್ಲಿ ಪಾಠ ಹೇಳಿದರು. ಕುರುಂದವಾಡದಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರು ಮಿರಜದ ಸಂಸ್ಥಾನಿಕರ ಆಶ್ರಯದಲ್ಲಿ ಅವರಲ್ಲಿ ಕಲಿತು, 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಸ್ಥಾಪಿಸಿದರು. ಇದೇ ಪರಂಪರೆಯ ನೀಲಕಂಠಬುವಾ ಆಲೂರಮಠರು ಮಿರಜದ ಕನ್ನಡ ಗುರುಗಳು. ಗಾನಯೋಗಿ ಪಂಚಾಕ್ಷರ ಗವಾಯಿಗಳೂ ಮಲ್ಲಿಕಾರ್ಜುನ ಮನಸೂರರೂ ಅವರ ಶಿಷ್ಯರು. ಕನ್ನಡದ ಹುಡುಗನೊಬ್ಬ ಹಿಂದುಸ್ತಾನಿ ಸಂಗೀತವನ್ನು ಕನ್ನಡ ಬಲ್ಲ ಗುರುವಿನಿಂದ ಮಿರಜದ ಪರಂಪರೆಯಲ್ಲಿ ಕಲಿಯುವುದು ಆಗ ಅಪರೂಪದ ಸಂಗತಿಯಾಗಿರಲಿಲ್ಲ.

ಎರಡನೆಯದು ವಾದ್ಯಗಳು. ಮಿರಜದ ಶಿಕಲಗಾರ ಸಮುದಾಯದ ಮನೆಗಳು ಆಯುಧಗಳ ಕೆಲಸ ಕುಂದಿದಾಗ ಸಿತಾರ್, ತಂಬೂರಿಗಳ ತಯಾರಿಕೆಗೆ ತಿರುಗಿದವು. ಫರೀದಸಾಹೇಬ ಸಿತಾರಮೇಕರರ ಹೆಸರು ಈ ಕಸುಬಿನ ಆರಂಭದೊಂದಿಗೆ ಸೇರಿದೆ. ತಂಬೂರಿಗೆ ಬೇಕಾದ ದೊಡ್ಡ ಬುರುಡೆಗಳು ಬರುವುದು ಭೀಮಾ ತೀರದ ಪಂಢರಪುರ–ಮಂಗಳವೇಢೆಯ ಕಡೆಯಿಂದ. ಮಂಗಳವೇಢೆ ಜತ್ತಕ್ಕೆ ಉತ್ತರದ ನೆರೆ. ಕನ್ನಡ ಓದುಗರಿಗೆ ಅದು ಬಿಜ್ಜಳನ ಮತ್ತು ಬಸವಣ್ಣನ ಮಂಗಳವಾಡ. ಮಳೆ ಕಡಿಮೆಯಿರುವ ಒಣನೆಲದ ಒಂದು ಬೆಳೆ ಭಾರತದ ಗಾಯನಕ್ಕೆ ಶ್ರುತಿ ಹಿಡಿಯುವ ಪಾತ್ರೆಯಾಯಿತು. ಈ ಕಸುಬಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಸಂಚಾರಿ ಗಾಯಕನಿಗೆ ಈ ಓಣಿಯ ಮಹತ್ವ ಬಲು ಪ್ರಾಯೋಗಿಕವಾದದ್ದು: ಪ್ರಯಾಣದಲ್ಲಿ ಮೊದಲು ಬಿರಿಯುವುದು ಬುರುಡೆ, ಕೆಡುವುದು ಜವಾರಿ. ಅದನ್ನು ಸರಿಪಡಿಸುವ ಕೈಗಳಿರುವ ಊರಿನಲ್ಲಿ ಅವನು ತಂಗಲೇಬೇಕು.

ಮೂರನೆಯದು ರೈಲು. ಸದರ್ನ್ ಮರಾಠಾ ರೈಲ್ವೆಯ ಪುಣೆ–ಲೋಂಡಾ ಮಾರ್ಗ ಮಿರಜದ ಮೂಲಕ ಹಾಯ್ದು ಬೆಳಗಾವಿಯನ್ನೂ ಮುಂದೆ ಧಾರವಾಡ–ಹುಬ್ಬಳ್ಳಿಯನ್ನೂ ಜೋಡಿಸಿತು. 1891ರಲ್ಲಿ ಕೊಲ್ಹಾಪುರದ ಕವಲು ಸೇರಿ ಮಿರಜ ಜಂಕ್ಷನ್ ಆಯಿತು. ಮುಂಬಯಿಯಿಂದ ಮೈಸೂರಿಗೆ ಹೊರಟ ಕಲಾವಿದನಿಗೆ ಮಿರಜ ದಾರಿಯ ಮೇಲಿನ ಊರು. ಕುಂದಗೋಳವೂ ಹಾಗೆಯೇ ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೋಗುವ ಹಳಿಯ ಮೇಲಿನ ನಿಲ್ದಾಣ.

ಈ ಮೂರೂ ಒದಗಿದ ಊರಿಗೆ ಅಬ್ದುಲ್ ಕರೀಂ ಖಾನರು ಬಂದರು. 1872ರಲ್ಲಿ ಕೈರಾನಾದಲ್ಲಿ ಹುಟ್ಟಿ, ಬಡೋದೆಯ ಆಸ್ಥಾನದಲ್ಲಿ ಹಾಡಿ, ಅಲ್ಲಿಂದ ತಾರಾಬಾಯಿ ಮಾನೆಯವರೊಂದಿಗೆ ಹೊರಟ ಅವರು ಮುಂಬಯಿ, ಪುಣೆ, ಬೆಳಗಾವಿಗಳಲ್ಲಿ ಕೆಲಸ ಮಾಡಿದರು. ಮಿರಜ ಅವರ ಖಾಯಂ ನೆಲೆಯಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಪ್ಲೇಗಿನ ದಿನಗಳಲ್ಲಿ ಕಾಯಿಲೆ ಬಿದ್ದ ಅವರು ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿ ಹಾಡಿ ಗುಣಮುಖರಾದರೆಂಬ ನಂಬಿಕೆ ಮಿರಜದಲ್ಲಿ ಇಂದಿಗೂ ಇದೆ. ನಂಬಿಕೆಯ ಸತ್ಯಾಸತ್ಯತೆಗಿಂತ ಅದರ ಪರಿಣಾಮ ಇತಿಹಾಸಕ್ಕೆ ಮುಖ್ಯ: ಖಾನರು ಪ್ರತಿ ವರ್ಷದ ಉರುಸಿನಲ್ಲಿ ದರ್ಗಾಕ್ಕೆ ಹಾಡಿನ ಹಾಜರಿ ಸಲ್ಲಿಸಿದರು. ಅವರ ಬಳಗದವರೂ ಇತರ ಘರಾಣೆಗಳ ಕಲಾವಿದರೂ ಅದನ್ನು ಅನುಸರಿಸಿದರು.

‘ಹಾಜರಿ’ ಎಂಬ ಪದವನ್ನು ಗಮನಿಸಬೇಕು. ಕಛೇರಿಯಲ್ಲಿ ಗಾಯಕ ಶ್ರೋತೃವಿಗೆ ಹಾಡುತ್ತಾನೆ. ಹಾಜರಿಯಲ್ಲಿ ಅವನು ಪೀರನ ಎದುರು ತಾನು ಬಂದಿದ್ದೇನೆಂದು ತಿಳಿಸುತ್ತಾನೆ. ಸಂಭಾವನೆಯ ಪ್ರಶ್ನೆಯಿಲ್ಲ, ಟಿಕೇಟಿನ ಪ್ರಶ್ನೆಯೂ ಇಲ್ಲ. ಆದ್ದರಿಂದ ಯಾರು ಕೇಳಬಹುದು ಎಂಬುದನ್ನು ನಿರ್ಧರಿಸುವವರೂ ಇಲ್ಲ. ಉರುಸಿನ ಮೊದಲ ಮಾನದ ಗಲೇಫನ್ನು ಚರ್ಮಕಾರ ಸಮಾಜದವರು ಅರ್ಪಿಸುವುದು ಮಿರಜದ ಸಂಪ್ರದಾಯ. ಅಂಥ ಅಂಗಳದಲ್ಲಿ ನಡೆಯುವ ಗಾಯನಕ್ಕೆ ಆಸ್ಥಾನದ ದಿವಾನಖಾನೆಯ ಗಾಯನಕ್ಕಿಂತ ಭಿನ್ನವಾದ ಶ್ರೋತೃವರ್ಗ ಸಹಜವಾಗಿಯೇ ಒದಗುತ್ತದೆ. ಸಾಂಗಲಿಯ ಹಳದಿ ಪೇಟೆಗೆ ಬಂದ ಒಕ್ಕಲಿಗ, ಮಿರಜದ ಆಸ್ಪತ್ರೆಗೆ ರೋಗಿಯೊಡನೆ ಬಂದ ನೆಂಟ, ರೈಲು ಬದಲಿಸುವ ಪ್ರಯಾಣಿಕ ಯಾರಾದರೂ ಅಲ್ಲಿ ಕುಳಿತು ರಾತ್ರಿಯಿಡೀ ಕೇಳಬಹುದು. ದೊಡ್ಡ ಗಾಯಕರ ಹಾಡು ಬಡವರ ಕಿವಿಗೂ ಬೀಳುವ ದಾರಿ ಅಂದಿನ ಕಾಲದಲ್ಲಿ ಇಂಥ ಅಂಗಳವೇ.

ಇದರ ಪಕ್ಕದಲ್ಲಿಯೇ ಜತ್ತ ಸೀಮೆಯ ಇನ್ನೊಂದು ಉತ್ಸವವನ್ನು ಇಟ್ಟು ನೋಡಬಹುದು. ಹನ್ನೆರಡನೆಯ ಶತಮಾನದ ಶರಣೆಯೆಂದು ಪೂಜೆಗೊಳ್ಳುವ ದಾನಮ್ಮದೇವಿಯ ಗುಡ್ಡಾಪುರಕ್ಕೆ ಜಾತ್ರೆಯ ಕಾಲದಲ್ಲಿ ಕರ್ನಾಟಕದ ಜಿಲ್ಲೆಗಳಿಂದ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ದಾರಿಯುದ್ದಕ್ಕೂ ಭಜನೆ, ತಂಗಿದ ಕಡೆ ಜಾಗರಣೆ. ಅಲ್ಲಿಯೂ ಹಾಡು ಹಾಜರಿಯ ರೂಪದ್ದೇ. ಶಾಸ್ತ್ರೀಯವೆಂದೂ ಜಾನಪದವೆಂದೂ ಎರಡು ವಿಭಾಗಗಳಲ್ಲಿ ಅಧ್ಯಯನವಾಗುವ ಈ ಎರಡು ರೂಢಿಗಳು ಕೇಳುಗನ ಮಟ್ಟಿಗೆ ಒಂದೇ ಬಗೆಯ ನಡವಳಿಕೆಯನ್ನು ಬಯಸುತ್ತವೆ: ನಡೆದು ಬರುವುದು, ನೆಲದ ಮೇಲೆ ಕೂಡುವುದು, ಬೆಳಗಿನವರೆಗೆ ಏಳದಿರುವುದು. ರಾತ್ರಿಯಿಡೀ ಭಜನೆ ಕೇಳಿ ಅಭ್ಯಾಸವಿದ್ದ ಕಿವಿಗೆ ವಿಲಂಬಿತ ಖಯಾಲಿನ ದೀರ್ಘತೆ ಹೊರೆಯಾಗಿರಲಾರದು.

ಕುಂದಗೋಳ: ವಾಡೆಯ ಬೈಠಕ್

ಸಂಚಾರದ ಇನ್ನೊಂದು ತುದಿ ಕುಂದಗೋಳದ ನಾಡಗೀರ ವಾಡೆ. ಮೈಸೂರಿಗೆ ಹೋಗಿಬರುವ ದಾರಿಯಲ್ಲಿ ಅಬ್ದುಲ್ ಕರೀಂ ಖಾನರು ಇಲ್ಲಿ ಇಳಿಯುತ್ತಿದ್ದರು. ನಾಡಗೀರರಲ್ಲಿ ಗುಮಾಸ್ತರಾಗಿದ್ದ ಗಣೇಶ ಸವಂಶಿಯವರ ಮಗ ರಾಮಚಂದ್ರ ಅವರ ಶಿಷ್ಯನಾದ. ಮುಂದೆ ಸವಾಯಿ ಗಂಧರ್ವರೆಂದು ಹೆಸರಾದ. ಅವರ ಕಾಲ 1886ರಿಂದ 1952. ವಾಡೆಯ ಬೈಠಕ್ಕಿಗೆ ದರ್ಗಾದ ಮುಕ್ತತೆಯಿರಲಿಲ್ಲ. ಅದು ಯಜಮಾನನ ಮನೆ. ಆದರೆ ಅಲ್ಲಿ ದರ್ಗಾದಲ್ಲಿಲ್ಲದ ಒಂದು ಅವಕಾಶವಿತ್ತು: ಕಾಲ. ಉರುಸು ವರ್ಷಕ್ಕೊಮ್ಮೆ ಕೆಲವು ರಾತ್ರಿಗಳದ್ದು. ವಾಡೆಯಲ್ಲಿ ಗಾಯಕ ದಿನಗಟ್ಟಲೆ ತಂಗಬಹುದು, ಶಿಷ್ಯನಿಗೆ ಪಾಠ ಹೇಳಬಹುದು. ಒಂದೊಂದು ಸ್ವರವನ್ನೂ ಸಾವಕಾಶವಾಗಿ ಬೆಳೆಸುತ್ತ ಮುಂದಿನ ಸ್ವರಕ್ಕೆ ಏರುವ ಕಿರಾನಾದ ಆಲಾಪಕ್ರಮವನ್ನು ಕಲಿಸಲು ಇಂಥ ಬಿಡುವು ಬೇಕು.

ದಕ್ಷಿಣದ ಸಂಚಾರ ಖಾನರ ಸಂಗೀತವನ್ನೂ ಬದಲಿಸಿತು. ಧಾರವಾಡದಲ್ಲಿದ್ದಾಗ ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರ ಕರ್ನಾಟಕ ಸಂಗೀತವನ್ನು ಅವರು ಕೇಳುತ್ತಿದ್ದರೆಂಬುದನ್ನು ಗಂಗೂಬಾಯಿಯವರು ನೆನೆದಿದ್ದಾರೆ. ತ್ಯಾಗರಾಜರ ಖರಹರಪ್ರಿಯ ಕೃತಿಯನ್ನು ಅವರು ಧ್ವನಿಮುದ್ರಿಸಿದರು. ಸರಗಮ್ಮಿನ ಬಳಕೆಗೆ ತಮ್ಮ ಗಾಯನದಲ್ಲಿ ದೊಡ್ಡ ಸ್ಥಾನ ಕೊಟ್ಟರು. ಇನ್ನೊಂದು ದಿಕ್ಕಿನಿಂದ, ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಇಪ್ಪತ್ತೆರಡು ಶ್ರುತಿಗಳನ್ನು ಅಳೆಯಹೊರಟಾಗ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅರ್ನೆಸ್ಟ್ ಕ್ಲೆಮೆಂಟ್ಸರು ಅದಕ್ಕೆ ಕೈಜೋಡಿಸಿದಾಗ, ಆ ಪ್ರಯೋಗಗಳಿಗೆ ಕಂಠ ಕೊಟ್ಟವರು ಇದೇ ಖಾನರು. ದರ್ಗಾದ ಹಾಜರಿ, ವಾಡೆಯ ಪಾಠ, ಶ್ರುತಿಯ ಪ್ರಯೋಗಶಾಲೆ ಮೂರೂ ಒಬ್ಬನೇ ಗಾಯಕನಲ್ಲಿ ಕೂಡಿದ್ದು ಈ ಸೀಮೆಯಲ್ಲಿ.

ಮುಂದಿನ ತಲೆಮಾರಿನಲ್ಲಿ ಸಂಚಾರದ ಸ್ವರೂಪ ಬದಲಾಯಿತು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಗದಗಿನ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯಿಂದ ಸೆಳೆಯಲ್ಪಟ್ಟು, ಉತ್ತರ ಭಾರತವೆಲ್ಲ ಅಲೆದು, ಕೊನೆಗೆ ಮನೆಯ ಹತ್ತಿರದ ಕುಂದಗೋಳದಲ್ಲಿಯೇ ಗುರುವನ್ನು ಪಡೆದರು. ಕೈರಾನಾದ ಸಂಗೀತ ಬೇಕಾದವನು ಕೈರಾನಾಕ್ಕೆ ಹೋಗಬೇಕಿರಲಿಲ್ಲ.

ಖಾನರ ಸಾವೂ ಸಂಚಾರದಲ್ಲಿಯೇ ಆಯಿತು. 1937ರ ಅಕ್ಟೋಬರ್ 27ರಂದು ಮದ್ರಾಸಿನಿಂದ ಪುದುಚೇರಿಗೆ ಹೊರಟಿದ್ದ ಅವರು ದೇಹಾಲಸ್ಯವಾಗಿ ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣದಲ್ಲಿ ಇಳಿದು, ಅಲ್ಲಿಯ ಪ್ಲಾಟ್‌ಫಾರ್ಮಿನಲ್ಲಿಯೇ ಕೊನೆಯುಸಿರೆಳೆದರು. ಅವರ ಸಮಾಧಿ ಇರುವುದು ಮಿರಜದ ದರ್ಗಾದ ಆವರಣದಲ್ಲಿ. ಉರುಸಿನ ಸಂಗೀತಸಭೆ ಅಂದಿನಿಂದ ಪೀರನ ಹಾಜರಿಯ ಜೊತೆಗೆ ಖಾನರ ಸ್ಮರಣೆಯೂ ಆಗಿದೆ.

ಯಾವ ಭಾಷೆಯಲ್ಲಿ?

ಈ ಸಂಚಾರವನ್ನು ಎರಡು ಭಾಷೆಗಳ ಸೌಹಾರ್ದದ ಕತೆಯಾಗಿ ಮಾತ್ರ ಹೇಳುವುದು ಸುಲಭ. ಅದು ಅರ್ಧ ಸತ್ಯ. ಖಯಾಲಿನ ಬಂದಿಶುಗಳ ಭಾಷೆ ಬ್ರಜ ಮತ್ತು ಅದರ ನೆರೆಯ ನುಡಿಗಳು. ಈ ವಿಷಯದಲ್ಲಿ ಕನ್ನಡಿಗನೂ ಮರಾಠಿಗನೂ ಸಮಾನ ದೂರದಲ್ಲಿದ್ದರು. ಆದರೆ ಹೊಟ್ಟೆಪಾಡಿನ ಭಾಷೆ ಹಾಗಿರಲಿಲ್ಲ. ಹಣವೂ ಹೆಸರೂ ಇದ್ದದ್ದು ಮರಾಠಿ ಸಂಗೀತ ನಾಟಕದಲ್ಲಿ. ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ರಂಗದ ಮೇಲೆ ಹೆಸರಾದರು. ಕೈರಾನಾದ ಖಾನರೂ ಮರಾಠಿ ನಾಟ್ಯಗೀತೆಗಳನ್ನು ಧ್ವನಿಮುದ್ರಿಸಿದರು. ಕನ್ನಡ ನಾಟಕ ಕಂಪನಿಗಳು ಮನಸೂರರಂಥವರಿಗೆ ಬಾಲ್ಯದಲ್ಲಿ ನೆಲೆ ಕೊಟ್ಟವು ನಿಜ. ಆದರೆ ಮರಾಠಿ ಗಾಯಕನೊಬ್ಬ ಕೀರ್ತಿಗಾಗಿ ಕನ್ನಡ ಕಲಿಯಬೇಕಾದ ಅನಿವಾರ್ಯ ಅಂದು ಇರಲಿಲ್ಲ. ಕನ್ನಡ ಗಾಯಕನಿಗೆ ಮರಾಠಿಯ ಅನಿವಾರ್ಯವಿತ್ತು. ದ್ವಿಭಾಷಿಕತೆಯ ಭಾರ ಒಂದು ಕಡೆಗೇ ಹೆಚ್ಚು ಬಿದ್ದಿತ್ತು. ಜತ್ತದ ಕನ್ನಡ ಶಾಲೆಯ ಮಗು ಇಂದು ಹೊರುವ ಭಾರವೂ ಇದೇ ಬಗೆಯದು.

ಜಾತಿ ಮತ್ತು ಲಿಂಗದ ಗೆರೆಗಳೂ ಮಾಯವಾಗಿರಲಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಹಾಡಿದ ಬಾಲಕಿ ಗಂಗೂಬಾಯಿ, ಊಟದ ಹೊತ್ತಿಗೆ ತನ್ನನ್ನು ಬೇರೆ ಕೂರಿಸುವರೇನೋ ಎಂಬ ಅಳುಕಿನಲ್ಲಿದ್ದುದನ್ನು ಮುಂದೆ ಹೇಳಿಕೊಂಡಿದ್ದಾರೆ. ಅದೇ ಅಧಿವೇಶನದ ವೇದಿಕೆಯಿಂದ ಹುಯಿಲಗೋಳ ನಾರಾಯಣರಾಯರ ನಾಡಗೀತೆಯೂ ಮೊಳಗಿತು. ಉದಯವಾಗಬೇಕಿದ್ದ ನಾಡಿನ ಕನಸೂ ಪಂಕ್ತಿಭೇದದ ಭಯವೂ ಒಂದೇ ಮಂಟಪದಡಿ ಇದ್ದವು.

ವಿಲೀನದ ನಂತರ

1948ರಲ್ಲಿ ಸಂಸ್ಥಾನಗಳು ವಿಲೀನಗೊಂಡವು. ಜಮಖಂಡಿ ಬಿಜಾಪುರ ಜಿಲ್ಲೆಗೆ, ಕುಂದಗೋಳ ಧಾರವಾಡ ಜಿಲ್ಲೆಗೆ ಸೇರಿದವು. ಬಿಜಾಪುರದ ಕಡೆಗೆ ಮುಖವಿದ್ದ ಜತ್ತ ದಕ್ಷಿಣ ಸಾತಾರಾ ಜಿಲ್ಲೆಗೆ, ಅಂದರೆ ಇಂದಿನ ಸಾಂಗಲಿಗೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆ ಈ ಗೆರೆಯನ್ನು ಗಟ್ಟಿ ಮಾಡಿತು. ಆಶ್ರಯ ಕೊಡುವ ಸಣ್ಣ ಆಸ್ಥಾನಗಳು ಹೋದವು. ಅವುಗಳ ಸ್ಥಾನಕ್ಕೆ ಆಕಾಶವಾಣಿ, ಸಂಗೀತ ಮಂಡಳಿಗಳು ಮತ್ತು ಸ್ಮೃತಿ ಉತ್ಸವಗಳು ಬಂದವು. ಸವಾಯಿ ಗಂಧರ್ವರ ಪುಣ್ಯತಿಥಿ ಎರಡು ಕಡೆ ಉತ್ಸವವಾಯಿತು. ಕುಂದಗೋಳದಲ್ಲಿ ಅದು ನಾಡಗೀರ ವಾಡೆಯಲ್ಲಿಯೇ ಅಹೋರಾತ್ರಿ ನಡೆಯುವ ಸಂಗೀತಸಭೆ. ಪುಣೆಯಲ್ಲಿ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ್ದು ಮುಂದೆ ಭಾರತದ ಅತಿ ದೊಡ್ಡ ಸಂಗೀತೋತ್ಸವಗಳಲ್ಲೊಂದಾಗಿ ಬೆಳೆಯಿತು. ಗುರು ಒಬ್ಬರೇ, ಆರಾಧನೆ ಎರಡು. ಒಂದರ ಅಳತೆ ಊರಿನದು, ಇನ್ನೊಂದರದ್ದು ಮಹಾನಗರದ್ದು. ಜೋಶಿಯವರು ಮರಾಠಿಯಲ್ಲಿ ಸಂತವಾಣಿಯನ್ನೂ ಕನ್ನಡದಲ್ಲಿ ದಾಸವಾಣಿಯನ್ನೂ ಹಾಡಿ ಎರಡು ಶ್ರೋತೃವರ್ಗಗಳನ್ನು ಕೈಬಿಡದೆ ಉಳಿಸಿಕೊಂಡರು. ಆದರೆ ಎರಡು ಬೇರೆ ಬೇರೆ ಹೆಸರಿನ ಕಾರ್ಯಕ್ರಮಗಳು ಬೇಕಾದವೆಂಬುದೇ ಶ್ರೋತೃಗಳು ಭಾಷೆಯ ಪ್ರಕಾರ ವಿಂಗಡಣೆಗೊಂಡಿದ್ದರ ಗುರುತು.

ಸರಕಾರಿ ಉತ್ಸವಗಳ ಕಾಲದಲ್ಲಿ ಐತಿಹಾಸಿಕ ಸ್ಥಳದ ಅರ್ಥವೂ ಬದಲಾಗಿದೆ. ವಿಜಯಪುರದ ನವರಸಪುರ ಉತ್ಸವದಲ್ಲಿ ಆದಿಲಶಾಹಿಯ ಕಟ್ಟಡ ಸಂಗೀತದ ಹಿನ್ನೆಲೆಯ ದೃಶ್ಯ. ಕಲಾವಿದ ಆಹ್ವಾನಿತ, ಶ್ರೋತೃ ಪ್ರೇಕ್ಷಕ. ಮಿರಜದ ಉರುಸಿನಲ್ಲಿ ಸ್ಥಳವೇ ಸಂಗೀತದ ಕಾರಣ. ಕುಂದಗೋಳದ ವಾಡೆ ಇವೆರಡರ ನಡುವಿನದು. ಪರಂಪರೆಯ ರಕ್ಷಣೆಯ ಹೆಸರಿನಲ್ಲಿ ಈ ವ್ಯತ್ಯಾಸವನ್ನು ಅಳಿಸುವ ಅಪಾಯವಿದೆ. ಕಟ್ಟಡವನ್ನು ದುರಸ್ತಿ ಮಾಡಬಹುದು. ಟಿಕೇಟಿಲ್ಲದ ಅಂಗಳದಲ್ಲಿ ಅಪರಿಚಿತರು ಒಟ್ಟಿಗೆ ಕುಳಿತು ಕೇಳುವ ರೂಢಿ ಒಮ್ಮೆ ತಪ್ಪಿದರೆ ಅದನ್ನು ಯಾವ ಇಲಾಖೆಯೂ ಮತ್ತೆ ಕಟ್ಟಲಾರದು.

2022ರ ನವೆಂಬರಿನಲ್ಲಿ, ನೀರಿಲ್ಲದೆ ಬೇಸತ್ತ ಜತ್ತದ ಗ್ರಾಮ ಪಂಚಾಯಿತಿಗಳು ಹಿಂದೆ ಮಾಡಿದ್ದ ಠರಾವುಗಳು ಎರಡೂ ರಾಜ್ಯಗಳ ರಾಜಕೀಯದಲ್ಲಿ ಮತ್ತೆ ಮಾತಿಗೆ ಬಂದವು. ಆಗ ನಡೆದ ಚರ್ಚೆಯಲ್ಲಿ ಜತ್ತದ ಜನ ಯಾರವರು ಎಂಬ ಪ್ರಶ್ನೆ ಕೇಳಿಬಂತು. ಅವರು ಏನನ್ನು ಕೇಳುತ್ತ ಬಂದಿದ್ದಾರೆ, ಯಾವ ಜಾತ್ರೆ–ಉರುಸುಗಳಿಗೆ ನಡೆಯುತ್ತ ಬಂದಿದ್ದಾರೆ ಎಂಬುದು ಯಾರ ಪ್ರಶ್ನೆಯೂ ಆಗಲಿಲ್ಲ. ಭಾಷಾ ಅಲ್ಪಸಂಖ್ಯಾತರ ಅಧ್ಯಯನಕ್ಕೆ ಇಲ್ಲಿ ಕೆಲಸವಿದೆ. ಘರಾಣೆಗಳ ಚರಿತ್ರೆ ಇದುವರೆಗೆ ಗುರುಶಿಷ್ಯರ ವಂಶಾವಳಿಯಾಗಿಯೇ ಬರೆಯಲ್ಪಟ್ಟಿದೆ. ಅದರಲ್ಲಿ ಹಾಡಿದವರಿಗೆ ಹೆಸರಿದೆ, ಕೇಳಿದವರಿಗಿಲ್ಲ. ಬುರುಡೆ ಬೆಳೆದ ರೈತ, ಅದಕ್ಕೆ ತಂತಿ ಬಿಗಿದ ಶಿಕಲಗಾರ, ಶಿಷ್ಯನಿಗೆ ಅನ್ನವಿಟ್ಟ ಮನೆ, ಉರುಸಿನ ಅಂಗಳದಲ್ಲಿ ಕನ್ನಡದಲ್ಲಿ ತಲೆದೂಗಿ ಮರಾಠಿಯಲ್ಲಿ ಮಾತಾಡಿದ ಶ್ರೋತೃ ಇವರನ್ನು ಒಳಗೊಂಡ ಚರಿತ್ರೆಗೆ ಆಕರಗಳು ಎರಡೂ ಭಾಷೆಗಳಲ್ಲಿ ಹಂಚಿಹೋಗಿವೆ: ಸಂಸ್ಥಾನಗಳ ದಫ್ತರಗಳು, ನಾಟಕ ಕಂಪನಿಗಳ ಜಾಹೀರಾತುಗಳು, ಕಲಾವಿದರ ಆತ್ಮಕಥನಗಳು, ವಾದ್ಯ ತಯಾರಕರ ಲೆಕ್ಕದ ಪುಸ್ತಕಗಳು. ಒಂದೇ ಭಾಷೆ ಬಲ್ಲ ಸಂಶೋಧಕನಿಗೆ ಅವುಗಳ ಅರ್ಧವಷ್ಟೇ ದಕ್ಕುತ್ತದೆ. ಎರಡನ್ನೂ ಓದಬಲ್ಲವರು ಜತ್ತದಂಥ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಅವರ ಮಕ್ಕಳ ಕನ್ನಡ ಶಾಲೆಗಳು ನಡೆದರೆ ಮುಂದೆಯೂ ಇರುತ್ತಾರೆ.